ಆಟಕ್ಕೊಂದು ಕೊನೆ ಬೇಕು

ಆನ್‌ಲೈನ್ ಆಟಗಳ ಸಂಬಂಧವಾಗಿ ಭಾರತದ ಪಾರ್ಲಿಮೆಂಟು 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಒಂದು ಕಾಯಿದೆಯನ್ನು ಒಪ್ಪಿತು. ಅದೇ ತಿಂಗಳ 22ನೆಯ ದಿನ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಹಣ ಒಡ್ಡಿ ಹಣ ಗೆಲ್ಲುವ ಆಟಗಳನ್ನು ಅದು ನಿಷೇಧಿಸಿತು. ಪಣವಿಲ್ಲದ ಆಟಗಳಿಗೂ ಪಂದ್ಯರೂಪದ ಇ-ಕ್ರೀಡೆಗಳಿಗೂ ಉತ್ತೇಜನ ಕೊಡುವದಾಗಿ ಹೇಳಿತು. ಕಾಯಿದೆಯ ಒಳಿತು-ಕೆಡುಕುಗಳ ಚರ್ಚೆ ಪೇಟೆಯ ಕಟ್ಟೆಯಿಂದ ಹಿಡಿದು ನ್ಯಾಯಾಲಯದವರೆಗೂ ನಡೆಯಿತು. ಆದರೆ ಕೆಟ್ಟ ಆಟ ಯಾವದೆಂಬುದನ್ನು ಇಷ್ಟು ವಿಸ್ತಾರವಾಗಿ ವಿಚಾರಿಸಿದ ನಾವು, ಒಳ್ಳೆಯ ಆಟ ಯಾವದೆಂಬುದನ್ನು ವಿಚಾರಿಸಲಿಲ್ಲ. ಮಕ್ಕಳ ಕೈಯಿಂದ ಒಂದನ್ನು ಕಸಿದುಕೊಳ್ಳುವವನು ಅದರ ಬದಲಿಗೆ ಏನು ಕೊಡುತ್ತಾನೆಂಬುದನ್ನೂ ಹೇಳಬೇಕಷ್ಟೆ. ಆ ಕೆಲಸವನ್ನು ನಾವು ಇಂದು ಒಂದು ಹಳೆಯ, ಅತಿ ಸಣ್ಣ ಆಟದ ಮೂಲಕ ಮಾಡಬೇಕೆಂದಿದ್ದೇವೆ. ಟೀವಿಯ ಮುಂದೆ ಕುಳಿತು ಇಬ್ಬರು ಆಡುವ, ಪಕ್ಷಕ್ಕೆ ಆರೇ ಜನರಿರುವ, 1985ರ ಫುಟ್‌ಬಾಲ್ ಆಟ ಅದು.

ಗಂಭೀರ ವಿಷಯಗಳಿಗೆ ಮೀಸಲಾದ ಈ ಸ್ಥಳದಲ್ಲಿ ಮಕ್ಕಳ ಆಟಿಕೆಯ ಮಾತೇಕೆಂದು ಕೆಲವು ಮಹನೀಯರು ಹುಬ್ಬೇರಿಸಬಹುದು. ಅಂಥವರು ಚೈತ್ರ-ವೈಶಾಖದ ಒಂದು ಮಧ್ಯಾಹ್ನ ಆಳಂದದ, ಅಫಜಲಪುರದ ಇಲ್ಲವೆ ಜೇವರ್ಗಿಯ ಓಣಿಗಳಲ್ಲಿ ಒಮ್ಮೆ ನಡೆದು ನೋಡಬೇಕೆಂದು ನಾವು ವಿನಂತಿಸುತ್ತೇವೆ. ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟಿರುವದು. ಕಲಬುರಗಿ ಸೀಮೆಯ ಬೇಸಗೆಯ ತಾಪವನ್ನು ಸರಕಾರವೇ ಒಪ್ಪಿಕೊಂಡು, ಏಪ್ರಿಲ್-ಮೇ ತಿಂಗಳುಗಳಲ್ಲಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಬದಲಿಸುವ ರೂಢಿಯನ್ನಿಟ್ಟುಕೊಂಡಿದೆ. ದೊಡ್ಡವರಿಗೆ ಕಚೇರಿಯಿಂದ ಬಿಡುಗಡೆಯಾಗುವ ಆ ಹೊತ್ತಿನಲ್ಲಿ ಮಕ್ಕಳಿಗೂ ಶಾಲೆಯ ಸೂಟಿ. ಬೈಲಿನಲ್ಲಿ ಹುತುತು, ಚಿಣಿಪಣಿ ಆಡೋಣವೆಂದರೆ ನೆಲ ಕಾದ ಹಂಚು. ಆದಕಾರಣ ಮಕ್ಕಳು ಮನೆಯೊಳಗೇ ಇರುವರು. ಒಳಗಿರುವ ಮಗುವಿನ ಕೈಯಲ್ಲಿ ಮೊಬೈಲು ಇರುವದು. ದುಡಿಮೆಗಾಗಿ ತಂದೆತಾಯಿಗಳು ಮುಂಬಯಿಗೋ ಪುಣೆಗೋ ಹೈದರಾಬಾದಕ್ಕೋ ಹೋದ ಮನೆಗಳಲ್ಲಂತೂ, ಅಜ್ಜಿಯ ಮೇಲ್ವಿಚಾರಣೆ ನಿದ್ದೆಯ ಜೊಂಪಿನಲ್ಲಿ ಮುಗಿದು, ಮೊಬೈಲಿನ ಮೇಲ್ವಿಚಾರಣೆ ಮೊದಲಾಗುವದು. ಮಗು ಏನು ಆಡುತ್ತಿದೆ, ಆ ಆಟ ಮಗುವಿನಿಂದ ಏನನ್ನು ಬೇಡುತ್ತಿದೆ ಎಂಬುದನ್ನು ವಿಚಾರಿಸುವದು ಈ ಸೀಮೆಯಲ್ಲಿ ಕ್ಷುಲ್ಲಕ ಕೆಲಸವೆಂದು ನಮಗೆ ತೋರುವದಿಲ್ಲ.

ಇನ್ನು ಆ ಹಳೆಯ ಆಟದ ವಿಷಯ. ಕಾಲ್ಚೆಂಡಿನಾಟವನ್ನು ಟೀವಿಯೊಳಗೆ ಇಳಿಸುವ ಪ್ರಯತ್ನ ಹಳೆಯದು. 1980ರಲ್ಲಿ ಅಮೇರಿಕೆಯ ಅಟಾರಿ ಕಂಪನಿಯು ತನ್ನ ಮನೆಬಳಕೆಯ ಪೆಟ್ಟಿಗೆಗೆಂದು ಒಂದು ಫುಟ್‌ಬಾಲ್ ಆಟವನ್ನು ಹೊರಡಿಸಿ, ಬ್ರೆಝಿಲಿನ ಪ್ರಖ್ಯಾತ ಆಟಗಾರ ಪೆಲೆಯ ಹೆಸರಿನಿಂದ ಮಾರಿತು. ಅದರಲ್ಲಿ ಪಕ್ಷಕ್ಕೆ ಮೂವರು ಆಟಗಾರರು, ಒಬ್ಬ ಗೋಲಿ. ಆಟಗಾರನೆಂದರೆ ಮೇಲಿನಿಂದ ಕಂಡ ಒಂದು ಚುಕ್ಕೆಯಷ್ಟೆ. ಜಪಾನಿನ ನಿಂಟೆಂಡೋ ಕಂಪನಿಯು 1983ರ ಜುಲೈಯಲ್ಲಿ ತನ್ನ ‘ಫ್ಯಾಮಿಕಾಮ್’ ಎಂಬ ಪೆಟ್ಟಿಗೆಯನ್ನು ಪೇಟೆಗೆ ತಂದಿತು. ಅದಕ್ಕೆಂದು 1985ರಲ್ಲಿ ಹೊರಟ ‘ಸಾಕರ್’ ಎಂಬ ಆಟದಲ್ಲಿ ಚುಕ್ಕೆಗಳಿಗೆ ಕೈಕಾಲು ಬಂದವು. ಬೈಲನ್ನು ಪಕ್ಕದಿಂದ ನೋಡಿದಂತೆ ಚಿತ್ರ. ಚೆಂಡು ಓಡಿದತ್ತ ಬೈಲೂ ಸರಿಯುವದು. ಪಕ್ಷಕ್ಕೆ ಐವರು ಆಟಗಾರರು, ಒಬ್ಬ ಗೋಲಿ. ಅರ್ಧಾವಧಿಗೆ 15, 30, 45 ನಿಮಿಷಗಳೆಂಬ ಮೂರು ಬಗೆ. ಕೌಶಲ್ಯಕ್ಕೆ ಐದು ಹಂತ. ಚೆಂಡು ಗೆರೆ ದಾಟಿದರೆ ಎಸೆತ, ಮೂಲೆಯ ಒದೆತ, ಗೋಲಿನ ಒದೆತ. ಕೈಯಲ್ಲಿ ಒಂದು ದಿಕ್ಕಿನ ಗುಂಡಿ. ಚೆಂಡನ್ನು ಜತೆಗಾರನಿಗೆ ಸಾಗಿಸಲು, ಗೋಲಿಗೆ ಹೊಡೆಯಲು ಇನ್ನೆರಡು ಗುಂಡಿ. ಇಷ್ಟೇ ಆಟ.

ಹನ್ನೊಂದು ಜನರ ಆಟ ಆರು ಜನರಿಗೆ ಇಳಿದದ್ದೇಕೆ? ಕಾರಣವನ್ನು ಯಂತ್ರದಲ್ಲಿ ಹುಡುಕಬೇಕು. ಆ ಪೆಟ್ಟಿಗೆಯ ಕೆಲಸದ ಸ್ಮರಣೆ ಎರಡೇ ಕಿಲೋಬೈಟು. ಪರದೆಯ ಮೇಲೆ ಓಡಾಡುವ ಬಿಡಿ ತುಣುಕು-ಚಿತ್ರಗಳನ್ನು ಅದು ಒಮ್ಮೆಗೆ ಅರವತ್ನಾಲ್ಕರಷ್ಟು ಮಾತ್ರ ತೋರಿಸಬಲ್ಲದಾಗಿತ್ತು. ಪರದೆಯ ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ತುಣುಕುಗಳು ಕೂಡಿದರೆ ಉಳಿದವು ಮಾಯವಾಗುತ್ತಿದ್ದವು. ಒಬ್ಬ ಆಟಗಾರನ ದೇಹಕ್ಕೆ ಇಂಥ ಹಲವು ತುಣುಕುಗಳು ಬೇಕು. ಗೋಲಿನ ಮುಂದೆ ನಾಲ್ಕು ಜನ ಮುತ್ತಿದರೆಂದರೆ ಅವರ ಚಿತ್ರ ಮಿಣಮಿಣನೆ ನಡುಗುತ್ತಿದ್ದುದು ಈ ಕಾರಣದಿಂದಲೇ. ಇಡೀ ಆಟದ ಗಾತ್ರ ಸುಮಾರು ನಾಲ್ವತ್ತು ಕಿಲೋಬೈಟು. ಇಂದು ನಮ್ಮ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರ ಅದರ ಹತ್ತಾರು ಪಟ್ಟು ದೊಡ್ಡದು. ಇಷ್ಟು ಬಡ ಸಾಮಗ್ರಿಯಿಂದ, ಚೆಂಡನ್ನು ಯಾರಿಗೆ ಕೊಡಬೇಕು, ಯಾವಾಗ ಹೊಡೆಯಬೇಕು ಎಂಬ ಫುಟ್‌ಬಾಲಿನ ತಿರುಳನ್ನು ಅದರ ಕರ್ತೃಗಳು ಉಳಿಸಿಕೊಂಡರು. ಬಡವನ ಮನೆಯ ರೊಟ್ಟಿಯಂತೆ, ಬೇಕಾದುದೆಲ್ಲ ಇತ್ತು, ಬೇಡವಾದುದು ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಇಂಥ ಆಟಗಳ ತವರು ಮನೆಯಲ್ಲ, ಆರ್ಕೇಡು. ಎಂದರೆ ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಅಂಗಡಿ. ಈ ‘ಸಾಕರ್’ ಆಟಕ್ಕೂ ನಾಣ್ಯದ ಯಂತ್ರಕ್ಕೆಂದು ಮಾಡಿದ ಇನ್ನೊಂದು ರೂಪವಿತ್ತು. ಆರ್ಕೇಡಿನ ಧರ್ಮವೇ ಬೇರೆ: ಆಟ ಬೇಗ ತಿಳಿಯಬೇಕು, ಬೇಗ ರಂಗೇರಬೇಕು, ಬೇಗ ಮುಗಿಯಬೇಕು, ಇನ್ನೊಂದು ನಾಣ್ಯ ಬೀಳಬೇಕು. ಅದೇ ಆಟ ಮನೆಯ ಪೆಟ್ಟಿಗೆಗೆ ಬಂದಾಗ, ಬೇಗ ತಿಳಿಯುವ, ಬೇಗ ರಂಗೇರುವ, ಬೇಗ ಮುಗಿಯುವ ಗುಣಗಳೆಲ್ಲ ಉಳಿದವು. ನಾಣ್ಯ ಹಾಕುವ ಕಂಡಿಯೊಂದು ಮಾತ್ರ ಮುಚ್ಚಿಹೋಯಿತು. ಒಮ್ಮೆ ಹಣ ಕೊಟ್ಟು ಕೊಂಡ ಮೇಲೆ ಆ ಆಟಕ್ಕೆ ನಮ್ಮ ಜೇಬಿನೊಡನೆ ಯಾವ ಸಂಬಂಧವೂ ಉಳಿಯಲಿಲ್ಲ. ಕೊನೆಯ ಸೀಟಿ ಊದಿತೆಂದರೆ ಆಟ ಮುಗಿಯಿತು. ಗೆದ್ದವನು ನಕ್ಕ, ಸೋತವನು ಇನ್ನೊಂದು ಕೈ ನೋಡೋಣವೆಂದ, ಅಷ್ಟರಲ್ಲಿ ತಾಯಿ ಊಟಕ್ಕೆ ಕರೆದಳು. ನಾವು ಒಳ್ಳೆಯ ಆಟವೆಂದು ಕರೆಯುವದು ಇದನ್ನು. ಅದಕ್ಕೊಂದು ನಿಯಮವಿತ್ತು, ಪಕ್ಕದಲ್ಲಿ ಒಬ್ಬ ಜತೆಗಾರನಿದ್ದ, ಎಲ್ಲಕ್ಕೂ ಮಿಗಿಲಾಗಿ ಅದಕ್ಕೊಂದು ಕೊನೆಯಿತ್ತು.

ಈ ಆಟವು ನಮ್ಮ ದೇಶಕ್ಕೆ ನೆಟ್ಟನೆಯ ದಾರಿಯಿಂದ ಬರಲಿಲ್ಲವೆಂಬುದನ್ನು ಮರೆಮಾಚುವದು ಸರಿಯಲ್ಲ. 1990ರ ದಶಕದಲ್ಲಿ ನಮ್ಮ ಪಟ್ಟಣಗಳಲ್ಲಿ ‘ಟೀವಿ ಗೇಮು’ ಎಂದು ಮಾರಾಟವಾದ ಪೆಟ್ಟಿಗೆಗಳಲ್ಲಿ ಬಹುಪಾಲು ಜಪಾನಿನ ಪೆಟ್ಟಿಗೆಯ ನಕಲುಗಳು. ‘ಕ್ಯಾಸೆಟ್’ ಎಂದು ಕರೆಯಲಾಗುತ್ತಿದ್ದ ಒಂದು ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಆಟಗಳೆಂದು ಅಚ್ಚಾಗಿರುತ್ತಿತ್ತು. ತೆರೆದು ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಿಂದ ಮರಳಿ ಮರಳಿ ಬರುತ್ತಿದ್ದವು. ಮಾರಿಯೋ, ಕಾಂಟ್ರಾಗಳ ನಡುವೆ ಈ ಫುಟ್‌ಬಾಲೂ ಅಂಥ ಅನೇಕ ಕ್ಯಾಸೆಟ್ಟುಗಳಲ್ಲಿ ಒಂದು ಮೂಲೆ ಹಿಡಿದಿರುತ್ತಿತ್ತು. ಕ್ಯಾಸೆಟ್ಟು ಹತ್ತದಿದ್ದರೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ್ದನ್ನು ಇಂದು ಮಧ್ಯವಯಸ್ಸಿನ ಹೊಸ್ತಿಲಲ್ಲಿರುವ ನಮ್ಮ ಓದುಗರು ನೆನೆದುಕೊಂಡಾರು. ಮಾಡಿದವನಿಗೆ ಬಿಡಿಗಾಸು ಸಲ್ಲದ ಈ ವ್ಯಾಪಾರವನ್ನು ನಾವು ಹೊಗಳುವದಿಲ್ಲ. ಹಾಗೆಯೇ ಆ ಕಾಲದ ಕಂಪನಿಗಳು ಪರೋಪಕಾರಕ್ಕಾಗಿ ಆಟಕ್ಕೆ ಕೊನೆಯನ್ನಿಟ್ಟರೆಂದೂ ಹೇಳುವದಿಲ್ಲ. ತಂತಿಯ ಮೂಲಕ ಮನೆಮನೆಯಿಂದ ದಿನದಿನವೂ ಹಣ ಎಳೆಯುವ ಸಾಧನ ಆಗ ಅವರಲ್ಲಿರಲಿಲ್ಲ. ಕೊರತೆಯಿಂದ ಹುಟ್ಟಿದ ಗುಣವಾದರೂ ಗುಣ ಗುಣವೇ.

ಆ ಸಾಧನ ಮುಂದೆ ದೊರೆಯಿತು. ಅಮೇರಿಕೆಯ ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು 1993ರಲ್ಲಿ ಜಾಗತಿಕ ಫುಟ್‌ಬಾಲ್ ಮಂಡಳಿಯ ಹೆಸರನ್ನು ಧರಿಸಿದ ‘ಫಿಫಾ’ ಆಟವನ್ನು ಹೊರಡಿಸಿತು. ಪಕ್ಷಕ್ಕೆ ಹನ್ನೊಂದು ಜನರು ಬಂದರು. ವರ್ಷ ವರ್ಷಕ್ಕೆ ಚಿತ್ರ ನಿಜಕ್ಕೆ ಸಮೀಪವಾಯಿತು. ಅದರಲ್ಲಿ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ 2009ರಲ್ಲಿ ಆ ಆಟದೊಳಗೆ ‘ಅಲ್ಟಿಮೇಟ್ ಟೀಮ್’ ಎಂಬ ಹೊಸ ವಿಭಾಗ ಸೇರಿತು. ಅದರಲ್ಲಿ ಆಡುವವನು ತನ್ನ ಪಕ್ಷವನ್ನು ಆಟಗಾರರ ಚಿತ್ರಪತ್ರಗಳಿಂದ ಕಟ್ಟಬೇಕು. ಪತ್ರಗಳು ಮುಚ್ಚಿದ ಪೊಟ್ಟಣದಲ್ಲಿ ಬರುವವು. ಪೊಟ್ಟಣವನ್ನು ಆಡಿ ಗಳಿಸಬಹುದು, ಇಲ್ಲವೆ ನಿಜವಾದ ಹಣ ಕೊಟ್ಟು ಕೊಳ್ಳಬಹುದು. ಒಳಗೆ ಯಾರಿದ್ದಾರೆಂಬುದು ತೆರೆಯುವವರೆಗೆ ತಿಳಿಯದು. ಮರುವರ್ಷ ಹೊಸ ಆವೃತ್ತಿ ಬಂದಾಗ ಹಳೆಯ ಪಕ್ಷ ಅದಕ್ಕೆ ಬರುವದಿಲ್ಲ. ಮತ್ತೆ ಮೊದಲಿನಿಂದ ಕಟ್ಟಬೇಕು. ಆರ್ಕೇಡಿನ ಗೋಡೆಯಲ್ಲಿ ಮುಚ್ಚಿಹೋಗಿದ್ದ ನಾಣ್ಯದ ಕಂಡಿ ಹೀಗೆ ಮನೆಯೊಳಗೇ ತೆರೆದುಕೊಂಡಿತು. ಆರ್ಕೇಡಿನಲ್ಲಾದರೋ ನಾಣ್ಯ ಹಾಕಿದವನಿಗೆ ಒಂದು ಆಟವು ಖಂಡಿತವಾಗಿ ದೊರೆಯುತ್ತಿತ್ತು, ಇಲ್ಲಿ ದೊರೆಯುವದು ಬರಿಯ ಸಂಭವ. ಬೆಲ್ಜಿಯಮ್ ದೇಶದ ಜೂಜು ನಿಯಂತ್ರಣ ಮಂಡಳಿಯು 2018ರ ಏಪ್ರಿಲಿನಲ್ಲಿ ಇಂಥ ಪೊಟ್ಟಣಗಳು ಜೂಜೇ ಎಂದು ನಿರ್ಣಯಿಸಿತು. 2019ರ ಜನವರಿಯಲ್ಲಿ ಕಂಪನಿಯು ಆ ದೇಶದಲ್ಲಿ ಪೊಟ್ಟಣಕ್ಕಾಗಿ ಹಣ ಪಡೆಯುವದನ್ನು ನಿಲ್ಲಿಸಬೇಕಾಯಿತು.

ನಮ್ಮ ಕಾಯಿದೆಗಳು ಎಲ್ಲಿ ನಿಂತಿವೆ? ಕರ್ನಾಟಕ ಸರಕಾರವು 2021ರಲ್ಲಿ ಪೋಲೀಸ್ ಕಾಯಿದೆಯನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. 2025ರ ಕೇಂದ್ರ ಕಾಯಿದೆಯು ಅಂಥ ಆಟ ನಡೆಸುವವನಿಗೆ ಮೂರು ವರ್ಷಗಳ ವರೆಗೆ ಸೆರೆಮನೆ, ಒಂದು ಕೋಟಿ ರೂಪಾಯಿಗಳ ವರೆಗೆ ದಂಡವೆಂದು ವಿಧಿಸಿತು. ಆದರೆ ಆ ಕಾಯಿದೆಯ ವ್ಯಾಖ್ಯೆ ನಿಂತಿರುವದು, ಹಣವನ್ನೊಡ್ಡಿ ಹಣವನ್ನೋ ಇತರ ಲಾಭವನ್ನೋ ಗೆಲ್ಲುವ ನಿರೀಕ್ಷೆಯ ಮೇಲೆ. ಜೇವರ್ಗಿಯ ಹತ್ತು ವರ್ಷದ ಬಾಲಕನು ತಂದೆಯ ಮೊಬೈಲಿನಿಂದ ಹಣ ಕೊಟ್ಟು ಪೊಟ್ಟಣ ಒಡೆದರೆ, ಅವನು ಹಣ ಗೆಲ್ಲುವ ಆಸೆಯಿಂದ ಒಡೆಯುವದಿಲ್ಲ. ತನ್ನ ಮೆಚ್ಚಿನ ಆಟಗಾರನ ಚಿತ್ರದ ಆಸೆಯಿಂದ ಒಡೆಯುವನು. ಈ ಬಗೆಯ ಪೊಟ್ಟಣಗಳ ಹೆಸರೆತ್ತಿ ಕಾಯಿದೆ ಏನನ್ನೂ ಹೇಳಿಲ್ಲ. ವರುಷಕ್ಕೊಮ್ಮೆ ತೊಗರಿಯ ರಾಶಿಯಾದಾಗ ಮಾತ್ರ ಕೈಯಲ್ಲಿ ನಾಲ್ಕು ಕಾಸು ಕಾಣುವ ಒಕ್ಕಲಿಗನ ಮನೆಯಲ್ಲಿ, ಹಣ ಹೋದ ಮೇಲೆ ಅದು ಜೂಜಿನಿಂದ ಹೋಯಿತೋ ಚಿತ್ರಪತ್ರದಿಂದ ಹೋಯಿತೋ ಎಂಬ ಶಾಸ್ತ್ರವಿಚಾರದಿಂದ ಯಾರ ಹೊಟ್ಟೆಯೂ ತುಂಬದು. ಶಾಸನಕರ್ತರು ಈ ಕಂಡಿಯನ್ನು ಬೆಲ್ಜಿಯಮ್ ದೇಶದವರಂತೆ ಸ್ಪಷ್ಟವಾಗಿ ಹೆಸರಿಸಿ ಮುಚ್ಚಬೇಕೆಂದು ನಾವು ಒತ್ತಿ ಹೇಳುವೆವು.

ಆದರೆ ನಿಷೇಧದಿಂದ ಅರ್ಧ ಕೆಲಸ ಮಾತ್ರ ಆಗುವದು. ಉಳಿದರ್ಧ, ಒಳ್ಳೆಯ ಆಟವನ್ನು ನಾವೇ ಮಾಡಿಕೊಡುವದು. ಇದಕ್ಕೆ ನಮ್ಮನ್ನು ಪ್ರೇರಿಸುವ ಇನ್ನೊಂದು ಸಂಗತಿ ಆ ಹಳೆಯ ಆಟದಲ್ಲಿಯೇ ಇದೆ. ಆಡುವ ಮೊದಲು ಪಕ್ಷವನ್ನು ಆರಿಸುವ ಯಾದಿಯೊಂದು ಅದರಲ್ಲಿ ಬರುವದು: ಅಮೇರಿಕಾ, ಬ್ರಿಟನ್, ಫ್ರಾನ್ಸ್, ಜರ್ಮನಿ, ಬ್ರೆಝಿಲ್, ಸ್ಪೇನ್, ಜಪಾನ್. ಏಳೇ ಹೆಸರು. ಅದೇ ಪೆಟ್ಟಿಗೆಗೆ 1990ರಲ್ಲಿ ಬಂದ ‘ನಿಂಟೆಂಡೋ ವರ್ಲ್ಡ್ ಕಪ್’ ಎಂಬ ಆಟದಲ್ಲಿ ಯಾದಿಯು ಹದಿಮೂರಕ್ಕೆ ಬೆಳೆದು, ಆಫ್ರಿಕೆಯ ಕ್ಯಾಮರೂನಿಗೂ ಸ್ಥಾನ ಸಿಕ್ಕಿತು. ಭಾರತದ ಹೆಸರು ಎರಡರಲ್ಲಿಯೂ ಇಲ್ಲ. ಆದುದರಿಂದ ನಮ್ಮ ಹುಡುಗರು ಬ್ರೆಝಿಲಾಗಿಯೋ ಜಪಾನಾಗಿಯೋ ಆಡಿದರು, ತಾವಾಗಿ ಆಡಲಿಲ್ಲ. ಇದರಲ್ಲಿ ಯಾರ ದ್ವೇಷವನ್ನೂ ನಾವು ಕಾಣುವದಿಲ್ಲ. ಯಾದಿಯನ್ನು ಬರೆದವರು ತಮಗೆ ತಿಳಿದ, ತಮ್ಮ ಸರಕು ಮಾರಾಟವಾಗುವ ದೇಶಗಳ ಹೆಸರುಗಳನ್ನು ಬರೆದರು. ಆಟ ಮಾಡುವವನೇ ಯಾದಿ ಬರೆಯುವವನು; ಇದು ಲೋಕದ ನಿಯಮ.

ಹಾಗೆಂದು ಬೈಲಿನಲ್ಲಿ ನಮ್ಮ ಹೆಸರು ಇರಲಿಲ್ಲವೆಂದಲ್ಲ. ಸ್ವತಂತ್ರ ಭಾರತವು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಆಡಿದಾಗ, ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಆ ರಾಜ್ಯದ ರಾಜಧಾನಿಯು ದೇಶದ ಫುಟ್‌ಬಾಲಿಗೂ ಒಂದು ರಾಜಧಾನಿಯಾಗಿತ್ತು. ಸಯ್ಯದ್ ಅಬ್ದುಲ್ ರಹೀಮರು ತರಬೇತಿ ಕೊಟ್ಟ ಹೈದರಾಬಾದ ಸಿಟಿ ಪೋಲೀಸ್ ಪಕ್ಷವು 1950ರಿಂದ 1954ರ ವರೆಗೆ ಸಾಲಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1956ರ ನವೆಂಬರ್ 1ರಂದು ನಮ್ಮ ಈ ತಾಲೂಕುಗಳು ಹೈದರಾಬಾದವನ್ನು ಬಿಟ್ಟು ಕನ್ನಡ ನಾಡಿನೊಂದಿಗೆ ಒಂದಾದವು. ಸರಿಯಾಗಿ ಒಂದು ತಿಂಗಳಿಗೆ, ರಹೀಮರು ಸಿದ್ಧಗೊಳಿಸಿದ ಭಾರತದ ಪಕ್ಷವು ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಏಶಿಯಾ ಕ್ರೀಡಾಕೂಟದಲ್ಲಿ ಅವರ ಪಕ್ಷಕ್ಕೆ ಬಂಗಾರದ ಪದಕ ಬಂದಿತು. ಮರುವರ್ಷವೇ ರಹೀಮರು ತೀರಿಕೊಂಡರು. ಚೆಂಡನ್ನು ತಾನೇ ಹಿಡಿದುಕೊಂಡು ಓಡದೆ ಜತೆಗಾರನಿಗೆ ಸಾಗಿಸುವದೇ ಅವರು ಕಲಿಸಿದ ಆಟ. ಬಲವಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಕಟ್ಟಳೆಯ ಪಂದ್ಯಗಳನ್ನು ಸಹ ಅವರು ಏರ್ಪಡಿಸುತ್ತಿದ್ದರು. ಕಟ್ಟಳೆಯೊಳಗೆ ಕೌಶಲ್ಯ ಹುಟ್ಟುವದೆಂಬ ಈ ತತ್ವವನ್ನೇ ಆರು ಜನರ ಆ ಸಣ್ಣ ಆಟವೂ ತನ್ನ ರೀತಿಯಲ್ಲಿ ಕಲಿಸಿತು. ಕರ್ನಾಟಕವೂ 2023ರ ಮಾರ್ಚಿನಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ ಟ್ರೋಫಿಯನ್ನು ಮರಳಿ ತಂದಿತು. ಇಷ್ಟೆಲ್ಲ ಇತಿಹಾಸವುಳ್ಳ ನಾಡಿನ ಮಗುವಿಗೆ ಆ ಹಳೆಯ ಆಟಗಳ ಯಾದಿಯಲ್ಲಿ ತನ್ನದೆಂಬ ಒಂದು ಪಕ್ಷವಿರಲಿಲ್ಲ.

ನಾವು ಮಾಡಬಲ್ಲೆವೆ ಎಂದು ಕೇಳುವವರಿಗೆ ನಮ್ಮ ಉತ್ತರ ಸಿದ್ಧವಾಗಿದೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ 1997ರಷ್ಟು ಹಿಂದೆಯೇ ವೀಡಿಯೋ ಆಟಗಳ ಕೆಲಸಕ್ಕೆ ಕೈಹಾಕಿ, ಪರದೇಶದ ಕಂಪನಿಗಳಿಗೆ ಆಟಗಳನ್ನು ಮಾಡಿಕೊಟ್ಟಿತು. ಬೆಂಗಳೂರು ದೊಡ್ಡ ಊರೆನ್ನುವಿರಾ? ಉಡುಪಿಯನ್ನು ನೋಡಿರಿ. ಸಮುದ್ರದಂಡೆಯ ಆ ಸಣ್ಣ ಊರಿನಲ್ಲಿ ಹುಟ್ಟಿದ 99ಗೇಮ್ಸ್ ಸಂಸ್ಥೆಯು 2014ರಲ್ಲಿ ಹೊರಡಿಸಿದ ‘ಸ್ಟಾರ್ ಶೆಫ್’ ಎಂಬ ಅಡಿಗೆಯಾಟವನ್ನು ಅನೇಕ ದೇಶಗಳ ಜನರು ಆಡಿದರು. ಆಟ ಮಾಡುವವರಿಗೆ ನೆರವಾಗಲೆಂದು ಕರ್ನಾಟಕ ಸರಕಾರವು 2012ರಲ್ಲಿಯೇ ಒಂದು ನೀತಿಯನ್ನು ಗೊತ್ತುಪಡಿಸಿತು. 2024ರಿಂದ 2029ರ ವರೆಗಿನ ಅವಧಿಗೆ ಹೊಸ ನೀತಿಯನ್ನೂ ಸಾರಿದೆ. ಇನ್ನು ನಮ್ಮ ಸೀಮೆಯಲ್ಲಿ ಏನಿದೆಯೆಂದರೆ, ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ನಾನಾ ಭಾಗಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಾರೆ. ಇಂದಿನ ಭಾರಿ ಆಟಗಳನ್ನು ಕಟ್ಟುವದಕ್ಕೆ ನೂರಾರು ಜನರ ಪಡೆ, ಕೋಟ್ಯಂತರ ಹಣ ಬೇಕು. ಆರು ಜನರ ಫುಟ್‌ಬಾಲಿಗೆ ಅದಾವುದೂ ಬೇಡ. ನಾಲ್ಕೈದು ಜನ ಬುದ್ಧಿವಂತ ವಿದ್ಯಾರ್ಥಿಗಳು, ಒಬ್ಬ ಆಸಕ್ತ ಅಧ್ಯಾಪಕರು, ಒಂದು ವರ್ಷದ ಬಿಡುವು ಸಿಕ್ಕರೆ ಅಂಥ ಆಟವನ್ನು ಕಟ್ಟಿ ನಿಲ್ಲಿಸಬಹುದು. ಸಣ್ಣ ಆಟದ ಮಹತ್ವ ಇರುವದೇ ಇಲ್ಲಿ: ಅದಕ್ಕೆ ಕೊನೆಯುಂಟು, ಅದು ನಮ್ಮ ಕೈಗೆಟಕುವಂಥದು.

ಆ ಆಟದ ಯಾದಿಯಲ್ಲಿ ಏನಿರಬೇಕು? ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಸೇಡಂ, ಚಿತ್ತಾಪುರ ಎಂದು ನಮ್ಮ ಊರುಗಳ ಹೆಸರಿರಲಿ. ಬೈಲು ಕರೀನೆಲದ ಬಣ್ಣದ್ದಾಗಿರಲಿ. ಒಂದು ಪಂದ್ಯ ಭೀಮೆಯ ಮರಳದಂಡೆಯ ಮೇಲೆ ನಡೆಯಲಿ. ಬರಹವೆಲ್ಲ ಕನ್ನಡದಲ್ಲಿರಲಿ. ಹಳೆಯ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕೆಗಳ ಚೌಕವನ್ನಷ್ಟೇ ಕೊಡುವದು ವಾಡಿಕೆಯಾಗಿತ್ತು. ರೋಮನ್ ಅಕ್ಷರ ಅಷ್ಟರಲ್ಲಿ ಹಿಡಿಸಿತು. ತಲೆಗೆ ಗುಡಿಸು, ಕಾಲಿಗೆ ಒತ್ತು ಧರಿಸುವ ನಮ್ಮ ಅಕ್ಷರಕ್ಕೆ ಆ ಚೌಕದಲ್ಲಿ ಕಾಲು ಚಾಚಲು ಸ್ಥಳವಿರಲಿಲ್ಲ. ಇಂದಿನ ಅತಿ ಅಗ್ಗದ ಮೊಬೈಲಿನಲ್ಲಿಯೂ ಆ ಅಡ್ಡಿ ಉಳಿದಿಲ್ಲ. ಕನ್ನಡ ಬಾರದ ಆಟವನ್ನು ಇಂದು ಯಾರಾದರೂ ನಮ್ಮ ಮಕ್ಕಳ ಮುಂದಿಟ್ಟರೆ ಅದಕ್ಕೆ ಕಾರಣ ಯಂತ್ರದ ಬಡತನವಲ್ಲ, ಮನಸ್ಸಿನ ಬಡತನ. ಇಡೀ ಆಟಕ್ಕೆ ಮೂವತ್ತು-ನಾಲ್ವತ್ತು ಕನ್ನಡ ಶಬ್ದಗಳು ಸಾಕು. ಆಟಕ್ಕೆ ಇಂಟರ್‌ನೆಟ್ ಬೇಡವಾಗಿರಲಿ. ಜಾಹೀರಾತು, ಪೊಟ್ಟಣ, ಕಂಡಿ ಯಾವದೂ ಇರದಿರಲಿ. ಇಬ್ಬರು ಜತೆಯಾಗಿ ಕುಳಿತು ಆಡುವಂತಿರಲಿ. ಕಾಲಾವಧಿ ಮುಗಿದೊಡನೆ ಸೀಟಿ ಊದಲಿ.

ಇಷ್ಟು ಬರೆದಾಗ ಒಂದು ಆಕ್ಷೇಪ ಬರುವದೆಂದು ನಾವು ಬಲ್ಲೆವು: “ಕಾಲ್ಚೆಂಡನ್ನು ಕಾಲಿನಿಂದ ಆಡಬೇಕಲ್ಲದೆ ಹೆಬ್ಬೆರಳಿನಿಂದ ಆಡುವದೇನು? ಮಕ್ಕಳಿಗೆ ಬೈಲು ಕೊಡಿರಿ, ಪೆಟ್ಟಿಗೆ ಬೇಡ.” ಈ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ತಾಲೂಕಿನ ಕ್ರೀಡಾಂಗಣವು ಸಭೆ-ಸಮಾರಂಭಗಳ ಶಾಮಿಯಾನಕ್ಕೆ ಮಾತ್ರ ಮೀಸಲಾಗಬಾರದು. ಶಾಲೆಯ ಬೈಲಿನ ಮೇಲೆ ಕಟ್ಟಡಗಳು ಏಳಬಾರದು. ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಮಗು ಮಣ್ಣಿನಲ್ಲಿಯೇ ಆಡಬೇಕು, ಮೊಣಕಾಲು ತರಚಬೇಕು, ಬಿದ್ದವನನ್ನು ಎತ್ತುವದನ್ನು ಕಲಿಯಬೇಕು. ಆದರೆ ಉಳಿದ ಕಾಲು ಪಾಲನ್ನೂ ನೋಡಬೇಕಷ್ಟೆ. ಬೇಸಗೆಯ ನಡುಹಗಲಿನಲ್ಲಿ ಬೈಲಿಗೆ ಹೋಗೆಂದು ಯಾವ ಹಿರಿಯರೂ ಹೇಳಲಾರರು. ಹತ್ತು-ಹನ್ನೆರಡು ತುಂಬಿದ ಹೆಣ್ಣುಮಗಳನ್ನು ಬೈಲಿಗೆ ಕಳಿಸುವ ಮನೆಗಳು ನಮ್ಮ ತಾಲೂಕುಗಳಲ್ಲಿ ಎಷ್ಟಿವೆ ಎಂಬುದನ್ನು ಆಕ್ಷೇಪಿಸುವವರು ತಮ್ಮ ಓಣಿಯಲ್ಲಿಯೇ ಎಣಿಸಿ ನೋಡಲಿ. ಅಣ್ಣನ ಪಕ್ಕದಲ್ಲಿ ಕುಳಿತು ತಂಗಿ ಅವನಿಗೆ ಎರಡು ಗೋಲು ಹೊಡೆದಳೆಂದರೆ, ನಾಳೆ ತಾನೂ ಬೈಲಿಗೆ ಬರುವೆನೆಂದು ಕೇಳುವ ಧೈರ್ಯ ಅವಳಿಗೆ ಬಂದೀತು. ಪೆಟ್ಟಿಗೆಯು ಬೈಲಿನ ವೈರಿಯಾಗಬೇಕಾಗಿಲ್ಲ, ಬೈಲಿನ ಬಾಗಿಲಾಗಬಹುದು. ವೈರಿಯಾಗುವದು ಕೊನೆಯಿಲ್ಲದ ಆಟ, ಏಕೆಂದರೆ ಅದು ಸಂಜೆಯ ತಂಪಾದರೂ ಮಗುವನ್ನು ಏಳಗೊಡುವದಿಲ್ಲ.

ಆದುದರಿಂದ ನಮ್ಮ ಸೂಚನೆಗಳನ್ನು ಸಂಕ್ಷೇಪವಾಗಿ ಸಂಬಂಧಪಟ್ಟವರ ಮುಂದೆ ಇಡುತ್ತೇವೆ. ಒಂದನೆಯದಾಗಿ, ಮಕ್ಕಳ ಕೈಗೆ ಹೋಗುವ ಆಟಗಳಲ್ಲಿ, ಒಳಗಿರುವದು ತಿಳಿಯದಂತೆ ಮುಚ್ಚಿದ ಪೊಟ್ಟಣವನ್ನು ಹಣಕ್ಕೆ ಮಾರುವದನ್ನು ಕೇಂದ್ರ ಸರಕಾರವು ನಿಷೇಧದೊಳಗೆ ತರಬೇಕು. ಎರಡನೆಯದಾಗಿ, ಕಡಗಂಚಿಯ ವಿಶ್ವವಿದ್ಯಾಲಯವೂ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳೂ ಕನ್ನಡದ ಸಣ್ಣ ಆಟಗಳನ್ನು ಕಟ್ಟುವ ಕೆಲಸವನ್ನು ವಿದ್ಯಾರ್ಥಿಗಳ ಅಭ್ಯಾಸಕ್ರಮದ ಅಂಗವಾಗಿ ಕೈಗೆತ್ತಿಕೊಳ್ಳಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಅದಕ್ಕೆ ಅಲ್ಪ ಸಹಾಯಧನ ಕೊಡಬೇಕು. ರಸ್ತೆ-ಕಟ್ಟಡಗಳಿಗೆ ಆ ಮಂಡಳಿಯು ಮಾಡುವ ವೆಚ್ಚದ ಮುಂದೆ ಇದು ಲೆಕ್ಕಕ್ಕೆ ಬರುವಂಥದಲ್ಲ. ಮೂರನೆಯದಾಗಿ, ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಇಂಥ ಆಟಕ್ಕೆ ಒಂದು ಮೇಜನ್ನು ಮೀಸಲಿಡಬೇಕು. ಬೇಸಗೆಯ ಮಧ್ಯಾಹ್ನ ಬಂದ ಮಗು ಒಂದು ಪಂದ್ಯ ಆಡಿ, ಸೀಟಿ ಊದಿದ ಮೇಲೆ ಪಕ್ಕದ ಕಪಾಟಿನಿಂದ ಒಂದು ಪುಸ್ತಕವನ್ನೂ ಎತ್ತಿಕೊಂಡೀತು. ನಾಲ್ಕನೆಯದಾಗಿ, ತಂದೆತಾಯಿಗಳು ಮೊಬೈಲನ್ನು ಮಗುವಿನ ಕೈಗೆ ಕೊಡುವ ಮೊದಲು ಹಣ ಕೊಡುವ ದಾರಿಗಳಿಗೆ ಬೀಗ ಹಾಕಬೇಕು. ಈ ಆಟ ಎಷ್ಟು ಹೊತ್ತಿಗೆ ಮುಗಿಯುವದು, ಇದು ದುಡ್ಡು ಕೇಳುವದೇ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ಉತ್ತರ ಹೇಳಲು ಮಗು ತಡವರಿಸಿದರೆ ಆಟವೇ ಉತ್ತರ ಹೇಳಿದಂತಾಯಿತು.

ನಮ್ಮ ಹಿರಿಯರು ಆಟಕ್ಕೂ ಹೊತ್ತನ್ನು ಗೊತ್ತುಮಾಡಿದ್ದರು. ಜೋಕಾಲಿ ಪಂಚಮಿಗೆ ಕಟ್ಟಿದರು, ಪಂಚಮಿ ಮುಗಿದ ಮೇಲೆ ಬಿಚ್ಚಿದರು. ಕುಸ್ತಿಯ ಕಣ ಜಾತ್ರೆಗೆ ಅಗೆದರು, ಜಾತ್ರೆಯ ಮೇಲೆ ಮುಚ್ಚಿದರು. ಜೋಕಾಲಿ ಬಿಚ್ಚಿದುದರಿಂದಲೇ ಮುಂದಿನ ವರ್ಷದ ಪಂಚಮಿಯ ದಾರಿಯನ್ನು ಮಕ್ಕಳು ಕಾದರು. ಆರು ಜನರ ಆ ಹಳೆಯ ಫುಟ್‌ಬಾಲಿಗೆ ನಾವು ಇಷ್ಟು ಸ್ಥಳ ಕೊಟ್ಟದ್ದು ಹಳೆಯದರ ಮೋಹದಿಂದಲ್ಲ. ಬಿಚ್ಚುವ ಜೋಕಾಲಿಯ ಗುಣ ಅದರಲ್ಲಿದ್ದುದರಿಂದ. ಆ ಗುಣವುಳ್ಳ ಒಂದು ಆಟವನ್ನು ನಮ್ಮವರು ನಮ್ಮ ಭಾಷೆಯಲ್ಲಿ, ನಮ್ಮ ಊರುಗಳ ಹೆಸರಿಟ್ಟು ಕಟ್ಟಿದ ದಿನ, ಅಫಜಲಪುರದ ಒಂದು ಮನೆಯಲ್ಲಿ ಮಗುವೊಂದು ಯಾದಿಯನ್ನು ಮೇಲಿನಿಂದ ಕೆಳಗೆ ಓದಿ ತನ್ನ ಊರನ್ನು ಆರಿಸಿಕೊಳ್ಳುವದು. ಸೀಟಿ ಊದಿದ ಮೇಲೆ ಅದು ಎದ್ದು, ಬಿಸಿಲು ಇಳಿಯಿತೇ ಎಂದು ಬಾಗಿಲಿಗೆ ಬಂದು ನೋಡುವದು. ಆ ಹೊತ್ತಿಗೆ ಹೊರಗೊಂದು ಬೈಲನ್ನು ಉಳಿಸಿಡುವ ಹೊಣೆ ಮಾತ್ರ ದೊಡ್ಡವರಾದ ನಮ್ಮದು.